ತಂಬಿಗೆ ಬೆವರಿದ ದಿನ ಬಾಗಿಲು ತೆಗೆಯಬಾರದು

ಅವರ ಅಂಗೈ ತುಂಬ ಸೀಳುಗಳಿದ್ದವು, ಆ ಸೀಳುಗಳೊಳಗೆ ಸುಣ್ಣ ಕೂತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟರೆ ಗಾಜಿನ ಮೇಲೆ ಮೂರು ಬೆರಳಿನ ಬೆಳ್ಳನೆಯ ಗುರುತು ಉಳಿಯುತ್ತಿತ್ತು. ಹುಬ್ಬಿನಲ್ಲಿ ಸುಣ್ಣ, ಕಿವಿಯ ಹಿಂದೆ ಸುಣ್ಣ, ಖಾಕಿ ಅಂಗಿಯ ತೋಳಿನಲ್ಲಿ ಸುಣ್ಣ. ಮೊದಲ ದಿನ ನೋಡಿದಾಗ, ಈ ಮನುಷ್ಯ ಯಾರದೋ ಮನೆಗೆ ಸುಣ್ಣ ಬಳಿಯುತ್ತಿದ್ದವನು ಅರ್ಧಕ್ಕೇ ಎದ್ದು ಬಂದಿದ್ದಾನೆ ಎಂದುಕೊಂಡೆ. ಆಮೇಲೆ ತಿಳಿಯಿತು, ನಾನು ಗುಮಾಸ್ತಳಾಗಿ ಸೇರಿದ ಶಾಲೆಯ ಸಿಪಾಯಿ ಅವರೇ. ಮಕ್ಕಳಿಂದ ಹಿಡಿದು ಹೆಡ್‌ಮಾಸ್ತರರ ತನಕ ಎಲ್ಲರಿಗೂ ಸಿಪಾಯಿ ಕಾಕಾ.

ತಾವರಗೇರಾದಲ್ಲಿ ಬಸ್ಸಿಳಿದು ಟಂಟಂ ಹತ್ತಿ ಹೋಗಬೇಕಾದ ಊರು ಅದು. ಹೆಸರು ಹೇಳುವುದಿಲ್ಲ, ಹೇಳಿದರೆ ಆ ಊರಿನವರು ನಮ್ಮನೆಗೇ ಬಂದು ಜಗಳ ತೆಗೆಯುವ ಪೈಕಿ. ನಿಜಾಮನ ಕಾಲದಲ್ಲಿ ಯಾರೋ ದೇಸಾಯರು ಕಟ್ಟಿಸಿದ್ದ ಕಲ್ಲಿನ ವಾಡೆಯಲ್ಲಿ ಶಾಲೆ ನಡೆಯುತ್ತಿತ್ತು. ವಾಡೆಯ ಕೆಳಗೊಂದು ನೆಲಮಾಳಿಗೆ. ಹನ್ನೊಂದು ಮೆಟ್ಟಿಲು, ನೆಲಮಟ್ಟಕ್ಕೆ ಎರಡು ಬೆಳಕಿಂಡಿ, ಗೋಡೆಯಲ್ಲೇ ಕೊರೆದ ಕಲ್ಲಿನ ಗೂಡುಗಳು. ಮೇಲಿನ ಕೋಣೆಗಳೆಲ್ಲ ಸೋರುತ್ತಿದ್ದುದರಿಂದ ಶಾಲೆ ಶುರುವಾದಂದಿನ ದಾಖಲಾತಿ ಪುಸ್ತಕಗಳನ್ನು ಆ ಗೂಡುಗಳಲ್ಲಿ ಇಟ್ಟಿದ್ದರು. ಹಿಂದೊಮ್ಮೆ ಅಲ್ಲಿಗೆ ಎಳೆದಿದ್ದ ವಿದ್ಯುತ್ ತಂತಿ ಕಿಡಿ ಹಾರಿಸಿ ಒಂದು ಕಟ್ಟು ಕಾಗದ ಸುಟ್ಟಿತ್ತಂತೆ. ಅಂದಿನ ಹೆಡ್‌ಮಾಸ್ತರರು ತಂತಿ ಕತ್ತರಿಸಿ ಹಾಕಿಸಿದ್ದರು. ಫ್ಯಾನಿಲ್ಲ, ದೀಪವಿಲ್ಲ. ಆ ನೆಲಮಾಳಿಗೆಯನ್ನು ಒಣಗಿಸಿ ಇಡುವ ಕೆಲಸ ಯಾರೂ ಹೇಳದೆಯೇ ಕಾಕಾನ ಪಾಲಿಗೆ ಬಂದಿತ್ತು. ಮೂವತ್ತು ವರ್ಷ ಅದನ್ನು ಅವರು ಕರೆಂಟಿಲ್ಲದೆ ಮಾಡಿದ್ದರು.

ನೆಲಮಾಳಿಗೆಯನ್ನು ಅವರು 'ಆಕಿ' ಎನ್ನುತ್ತಿದ್ದರು. ಮನೆಯಲ್ಲಿ ದಮ್ಮಿನ ರೋಗದ ಹಿರಿಯಳೊಬ್ಬಳು ಇದ್ದ ಹಾಗೆ. "ಇವತ್ತ ಆಕಿಗೆ ಉಸರ ಛಲೋ ಆಡಾಕತ್ತೈತ್ರಿ," ಎನ್ನುವರು. ಗೋಡೆಗೆ ಸಿಮೆಂಟು ಬಳಿಯಲು ಬಂದವರನ್ನು ಮೆಟ್ಟಿಲ ಮೇಲೇ ತಡೆದು, "ಕಲ್ಲಿಗೆ ಮೂಗು ಮುಚ್ಚಬ್ಯಾಡ್ರಪಾ, ಒಳಗಿನ ಹಸಿ ಎಲ್ಲಿಂದ ಹೋಗಬೇಕು?" ಎಂದು ವಾಪಸು ಕಳಿಸಿದ್ದರಂತೆ. ಮಕ್ಕಳು ಕೈ ತೊಳೆಯುವ ನಳದ ನೀರು ಗೋಡೆಯ ಬುಡಕ್ಕೆ ಹರಿಯದಂತೆ ತಾವೇ ಸಲಿಕೆ ಹಿಡಿದು ಕಾಲುವೆ ತೋಡಿದ್ದರು. ಅಗಲ ಬಾಯಿಯ ಗಡಿಗೆಗಳಲ್ಲಿ ನೀರು ಕಾಣದ ಸುಣ್ಣದ ಕಲ್ಲು ತುಂಬಿ ಮೂಲೆಮೂಲೆಗೆ ಇಡುತ್ತಿದ್ದರು. ಕಲ್ಲು ಗಾಳಿಯ ಹಸಿ ಕುಡಿದು ಉಬ್ಬಿ ಹಿಟ್ಟಾದ ಮೇಲೆ ಹೊರಗೆ ಚೆಲ್ಲಿ ಹೊಸದು ತುಂಬುವರು. ಅಂಗೈ ಸೀಳಿದ್ದು ಅದರಿಂದಲೇ.

ಇದೆಲ್ಲಕ್ಕಿಂತ ದೊಡ್ಡದು ಅವರ ತಂಬಿಗೆ. ಸಂಜೆ ಹಿತ್ತಾಳೆಯ ತಂಬಿಗೆಗೆ ನೀರು ತುಂಬಿ ನೆಲಮಾಳಿಗೆಯ ಕೊನೆಯ ಮೆಟ್ಟಿಲ ಮೇಲೆ ಇಟ್ಟು ಹೋಗುವರು. ಮುಂಜಾನೆ ಅದನ್ನು ಮೇಲೆ ತಂದು, ಒಣ ಬಟ್ಟೆಯಿಂದ ಒರೆಸಿ, ಹೊರಗಿನ ಕಟ್ಟೆಯ ಮೇಲಿಟ್ಟು, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂರುವರು. ಆಮೇಲೆ ತಂಬಿಗೆಯ ಹೊಟ್ಟೆಯ ಮೇಲೆ ಬೆರಳೆಳೆದು ನೋಡುವರು. ಬೆರಳಿಗೆ ನೀರು ಹತ್ತಿದರೆ ಬಾಗಿಲಿಗೆ ಬೀಗ, ಬೆಳಕಿಂಡಿಗೆ ಗೋಣಿತಟ್ಟು. ಹತ್ತದಿದ್ದರೆ ಎಲ್ಲವೂ ತೆರೆದು ಗಾಳಿ.

"ಒಳಗಿನ ಗ್ವಾಡಿ ಈ ತಂಬಿಗಿಯಷ್ಟ ತಣ್ಣಗ ಅದಾವ್ರಿ ಬಾಯಾರ. ಹೊರಗಿನ ಗಾಳಿಗೆ ಇದು ಬೆವರಿತಂದ್ರ, ಅದ ಗಾಳಿ ಒಳಗ ಹೋದ್ರ ಗ್ವಾಡಿನೂ ಬೆವರ್ತಾವ. ಇಷ್ಟ ನೋಡ್ರಿ," ಎಂದಿದ್ದರು ನನಗೆ. ಮೇಡಂ ಅನ್ನುವ ಬದಲು ಅವರ ಬಾಯಲ್ಲಿ ನಾನು ಬಾಯಾರ.

ನಾನು ನಕ್ಕಿದ್ದೆ. ನಾನು ಗಂಗಾವತಿಯವಳು. ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ ನೋಡಿ ಬೆಳೆದವಳು, ನಮ್ಮಪ್ಪ ಗಿರಣಿಯ ಹಮಾಲ. ಚೀಲಕ್ಕೆ ಹಸಿ ಹಿಡಿದರೆ ಗೋದಾಮಿನ ಬಾಗಿಲು ಹಾರುಹೊಡೆದು ಗಾಳಿ ಬಿಡುವುದೇ ಮದ್ದು ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ನೀರಿನ ನಾಡಿನವಳಿಗೆ ಈ ಒಣ ಭೂಮಿಯ ಮನುಷ್ಯ ಹಸಿಯ ಪಾಠ ಹೇಳುವುದೇ ಎಂದು ಒಳಗೊಳಗೇ ಬೀಗಿದ್ದೆ.

ಇನ್ನೊಂದು ಅಭ್ಯಾಸವಿತ್ತು. ಕೆಳಗಿಳಿಯುವ ಮೊದಲು ಒಂದು ಪಣತಿ ಹಚ್ಚಿ, ಉದ್ದ ಕೋಲಿಗೆ ಕಟ್ಟಿದ ತಟ್ಟೆಯಲ್ಲಿಟ್ಟು ಕೆಳಗೆ ಚಾಚಿ ಹಿಡಿಯುವರು. ದೀಪ ನೆಟ್ಟಗೆ ಉರಿದರೆ ಅದನ್ನು ಆರಿಸಿ, ಟಾರ್ಚು ಹಿಡಿದು ಇಳಿಯುವರು. ಮಾಸ್ತರರು, "ಕಾಕಾಂದು ದಿನಾ ದೀಪಾವಳಿ," ಎಂದು ಆಡಿಕೊಳ್ಳುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ. ಅವರದು ಹಗೇವು ತೆಗೆಯುವವರ ಮನೆತನ ಎಂದಷ್ಟೇ ನನಗೆ ಗೊತ್ತಿತ್ತು. ಹಿಂದೆ ಈ ಕಡೆ ಜೋಳವನ್ನು ನೆಲದೊಳಗಿನ ಆಳದ ಕುಣಿಯಲ್ಲಿ ತುಂಬಿ, ಬಾಯಿಗೆ ಬೂದಿ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಅದೇ ಹಗೇವು. ಅದನ್ನು ಮುಚ್ಚುವುದು, ತೆಗೆಯುವುದು ತಿಳಿದವರ ಕೆಲಸವಾಗಿತ್ತು.

ನಾನು ಸೇರಿದ ವರ್ಷದ ಆಷಾಢದಲ್ಲಿ ಕಾಕಾ ಹರಕೆ ತೀರಿಸಲು ಹುಲಿಗಿಗೆ ಹೋದರು. ನಾಲ್ಕು ದಿನದ ರಜೆ. ಹೋಗುವಾಗ ಕೀಲಿಕೈ ನನ್ನ ಕೈಗಿಟ್ಟು, "ನಾ ಬರೂತನಕ ಬಾಗಲಾ ತಗೀಬ್ಯಾಡ್ರಿ ಬಾಯಾರ. ತಗೀಲೇಬೇಕಂದ್ರ ತಂಬಿಗಿ ಕೇಳಿ ತಗೀರಿ," ಎಂದರು.

ಆ ವಾರ ಆಷಾಢದ ಗಾಳಿ ಹುಯ್ಯೆಂದು ಬೀಸುತ್ತಿತ್ತು. ನಡುನಡುವೆ ತುಂತುರು. ಏನೋ ಹುಡುಕಲೆಂದು ಕೆಳಗಿಳಿದವಳಿಗೆ ಬೂಸಲು ವಾಸನೆ ಮೂಗಿಗೆ ಬಡಿಯಿತು. ಇಷ್ಟು ಒಳ್ಳೆಯ ಗಾಳಿ ಹೊರಗೆ ಪುಕ್ಕಟೆ ಬೀಸುತ್ತಿರುವಾಗ ಬಾಗಿಲು ಮುಚ್ಚಿಡುವುದು ಯಾವ ಜಾಣತನ? ಬಾಗಿಲು ಹಾರುಹೊಡೆದೆ. ಎರಡೂ ಬೆಳಕಿಂಡಿಯ ತಟ್ಟು ಕಿತ್ತೆ. ಮೂರು ದಿನ ಹಾಗೇ ಬಿಟ್ಟೆ. ಕಾಕಾ ಬಂದು ನೋಡಿದರೆ ಬೆರಗಾಗಬೇಕು ಎಂಬ ಆಸೆ ಬೇರೆ.

ಮೂರನೆಯ ದಿನ ಮಧ್ಯಾಹ್ನ ಬೇವೂರು ಕಡೆಯ ಹುಡುಗಿಯೊಬ್ಬಳು ಬಂದಳು. ಹುಡುಗಿ ಎಂದೆ, ಮೂವತ್ತು ದಾಟಿದ್ದವಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೊಂದು ಪತ್ರ. ಸರಕಾರಿ ನೌಕರಿಗೆ ಆಯ್ಕೆಯಾಗಿದ್ದಳು. ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಮನೆತನದ ಹಳೆಯ ಶಾಲಾ ದಾಖಲೆ ಕೇಳಿದ್ದರು. ಹದಿನೈದು ದಿನದೊಳಗೆ ಕೊಪ್ಪಳಕ್ಕೆ ತಲುಪಿಸಬೇಕು.

"ನಮ್ಮಪ್ಪ ಸಾಲಿ ಮಾರಿ ನೋಡಿಲ್ರಿ ಮೇಡಂ. ನಮ್ಮಜ್ಜ ಒಬ್ಬಾಂವ ಇಲ್ಲಿ ನಾಕನೇ ಕ್ಲಾಸ್ ತನಕ ಓದ್ಯಾನಂತ. ಅಂವನ ಹೆಸರು ಬಿಟ್ರ ನಮ್ಮನಿಯಾಗ ಮತ್ಯಾರ ಹೆಸರೂ ಯಾವ ಪುಸ್ತಕದಾಗೂ ಇಲ್ರಿ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಈ ಸಲ ತಪ್ಪಿದ್ರ ವಯಸ್ಸು ಮೀರತೈತ್ರಿ," ಎಂದಳು.

"ಅಷ್ಟೇನಾ, ಕೂಡು, ಹತ್ತು ನಿಮಿಷದಾಗ ತರ್ತೀನಿ," ಎಂದು ಧಿಮಾಕಿನಿಂದ ಕೆಳಗಿಳಿದೆ.

ಗೋಡೆಗಳಿಂದ ನೀರು ಇಳಿಯುತ್ತಿತ್ತು. ಮಳೆಯ ಒಂದು ಹನಿಯೂ ಒಳಗೆ ಬಿದ್ದಿರಲಿಲ್ಲ, ಆದರೂ ಕಲ್ಲುಗಳು ಜ್ವರ ಬಿಟ್ಟ ಮೈಯಂತೆ ಬೆವೆತು, ಆ ಬೆವರು ಸಾಲುಸಾಲಾಗಿ ಜಾರಿ ಕೆಳಗಿನ ಗೂಡುಗಳಲ್ಲಿ ನಿಂತಿತ್ತು. ಮೇಲಿನ ಗೂಡಿನವು ಹೆಚ್ಚು ತೊಯ್ದಿರಲಿಲ್ಲ, ನನಗೆ ಬೇಕಾದ ನೀಲಿ ಬೆನ್ನಿನ ಪುಸ್ತಕ ಮಾತ್ರ ಎಲ್ಲಕ್ಕಿಂತ ಕೆಳಗಿನ ಗೂಡಿನಲ್ಲಿತ್ತು. ಎತ್ತಿದರೆ ನಾದಿದ ಹಿಟ್ಟಿನ ಮುದ್ದೆಯ ಭಾರ. ಒಂದು ಹಾಳೆ ಬಿಡಿಸಲು ಹೋದೆ. ಮೂಲೆ ಕಿತ್ತು ಉಗುರಿಗೇ ಅಂಟಿಕೊಂಡಿತು. ಉಗುರಿನ ಮೇಲೆ ಯಾರದೋ ಹೆಸರಿನ ಅರ್ಧ ಅಕ್ಷರವಿತ್ತು. ಪುಸ್ತಕವನ್ನು ಇದ್ದಲ್ಲೇ ಇಟ್ಟೆ. ಮೇಲೆ ಬಂದು ಆ ಹುಡುಗಿಗೆ, "ಸಿಪಾಯಿ ಊರಾಗಿಲ್ಲ, ನಾಳೆ ಬಾ," ಎಂದು ಸುಳ್ಳಲ್ಲದ ಸುಳ್ಳು ಹೇಳಿದೆ.

ಮರುದಿನ ಕಾಕಾ ಬಂದರು. ಹಣೆಯ ಮೇಲೆ ಹುಲಿಗಿಯ ಭಂಡಾರದ ಅರಿಶಿನ ಇನ್ನೂ ಇತ್ತು. ಬಾಗಿಲು ತೆಗೆದದ್ದು, ಹುಡುಗಿ ಬಂದದ್ದು ಎಲ್ಲ ಹೇಳಿದೆ. ಅವರು ಬೈಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಬೈದರೆ ಮುಗಿಯುತ್ತದಲ್ಲ. ಅವರು ಬೈಯಲಿಲ್ಲ. ಪಣತಿ ಚಾಚಿ ನೋಡಿ ಇಳಿದರು, ಗೋಡೆಗೆ ಅಂಗೈಯ ಹಿಂಬದಿ ಒತ್ತಿದರು, ಆಮೇಲೆ ನೇರ ಆ ನೀಲಿ ಪುಸ್ತಕದ ಹತ್ತಿರ ಹೋದರು. ಅದನ್ನು ಕೈಗೆತ್ತಿಕೊಂಡಾಗ ಅವರ ಮುಖ ಅವರ ಅಂಗೈಯಷ್ಟೇ ಬೆಳ್ಳಗಾಯಿತು. ಯಾರದೋ ನೌಕರಿಯ ಕಾಗದಕ್ಕೆ ಈ ಮನುಷ್ಯ ಇಷ್ಟು ಹೆದರಬೇಕೇ ಎಂದು ನನಗೆ ಆಗ ಅನ್ನಿಸಿದ್ದು ಹೌದು.

ಅವರು ಅಂದದ್ದು ಇಷ್ಟೇ. "ನೀವು ಗಾಳಿ ಕರದ್ರಿ ಬಾಯಾರ. ಆಷಾಢದ ಗಾಳಿ ಬರಿಗೈಲೆ ಬರಂಗಿಲ್ಲ, ನೀರು ಹೊತ್ಕೊಂಡ ಬರತೈತಿ."

ಅಷ್ಟರಲ್ಲಿ ಹೆಡ್‌ಮಾಸ್ತರರೂ ಇಳಿದು ಬಂದರು. ಕುಷ್ಟಗಿಯವರು, ಕೆಟ್ಟವರಲ್ಲ, ಆದರೆ ಪುಕ್ಕಲು ಸ್ವಭಾವ. "ಇದೇನಿದು? ಬಾಗಲಾ ಯಾರು ತಗದಿದ್ರು?" ಎಂದು ಕೇಳಿದರು. ಕಾಕಾ ನನ್ನ ಕಡೆ ನೋಡಲೂ ಇಲ್ಲ. "ಮಾಳಗಿ ಹಳೇದೈತ್ರಿ ಸರ. ಒಮ್ಮೊಮ್ಮಿ ಹಿಂಗ ಆಗತೈತಿ," ಎಂದರು. ನಾನು ಸುಮ್ಮನೆ ನಿಂತೆ. ಆ ಸುಮ್ಮನಿದ್ದದ್ದು ಆಮೇಲೆ ಎಷ್ಟೋ ದಿನ ನನ್ನನ್ನು ಚುಚ್ಚಿತು.

ಪುಸ್ತಕವನ್ನು ಮೇಲೆ ಒಯ್ದು ಒಣಗಿಸೋಣವೆಂದರೆ ಬಿಸಿಲಿನ ಸುಳಿವಿಲ್ಲ, ಗಾಳಿಯೇ ಹಸಿ. ಫ್ಯಾನಿನ ಕೆಳಗಿಟ್ಟರೆ ಮೇಲಿನ ಹಾಳೆ ಒಣಗಿ ಸುರುಳಿಯಾಗಿ ಕಿತ್ತು ಬರುತ್ತದೆ, ಒಳಗಿನವು ಕೊಳೆಯುತ್ತವೆ ಎಂದರು ಕಾಕಾ. "ಇದಕ್ಕೊಂದು ಸಣ್ಣ ಹಗೇವು ಮಾಡೂನ್ರಿ," ಎಂದರು.

ಅವತ್ತೇ ತಾವರಗೇರಾಕ್ಕೆ ಹೋಗಿ ಸುಣ್ಣದ ಕಲ್ಲು ತಂದರು. ಶಾಲೆಯ ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಒರೆಸಿ ಪಡಸಾಲೆಯಲ್ಲಿಟ್ಟು, ತಳಕ್ಕೆ ಒಣ ಬೇವಿನ ಸೊಪ್ಪು ಹಾಸಿದರು. ಎರಡು ಬದಿಗೆ ಎರಡು ಗಡಿಗೆ, ಗಡಿಗೆಯಲ್ಲಿ ಅರ್ಧಕ್ಕಿಂತ ಕಡಿಮೆ ಸುಣ್ಣದ ಕಲ್ಲು, ಉಬ್ಬಲು ಜಾಗ ಬೇಕಲ್ಲ. ಬಾಯಿಗೆ ತೆಳು ಬಟ್ಟೆ. ಪುಸ್ತಕದ ಹಾಳೆಗಳು ಎಲ್ಲಿ ತಾವಾಗಿ ಬಿಟ್ಟುಕೊಡುತ್ತವೋ ಅಲ್ಲಿ ಮಾತ್ರ ಹಳೆಯ ಧೋತರದ ಪಟ್ಟಿ ತೂರಿಸಿ, ನಡುವೆ ನಿಲ್ಲಿಸಿದರು. ಮುಚ್ಚಳ ಹಾಕಿ, ಸಂದಿಗೆಲ್ಲ ಬೂದಿ ಮಣ್ಣು ಕಲಸಿ ಮೆತ್ತಿದರು. ಮೆತ್ತುವಾಗ ಅವರ ಬೆರಳು ಓಡಿದ ರೀತಿ ನೋಡಬೇಕಿತ್ತು. ಐವತ್ತು ವರ್ಷದ ಹಿಂದೆ ಕಲಿತ ಕೆಲಸ ಅದು, ಬೆರಳು ಮರೆತಿರಲಿಲ್ಲ.

"ಒಂಬತ್ತು ದಿನ. ನಡುವ ಯಾರೂ ಮುಟ್ಟಂಗಿಲ್ಲ," ಎಂದರು.

"ಒಳಗ ಕೊಳತ್ರ ಹೆಂಗ ಕಾಕಾ? ನಡುವ ಒಮ್ಮಿ ತಗದ ನೋಡೂನು," ಎಂದೆ.

"ನೋಡಿದ್ರ ಹೊರಗಿನ ಹಸಿ ಒಳಗ ಹೋಗತೈತಿ. ನಂಬಿ ಮುಚ್ಚಬೇಕ್ರಿ. ನಂಬಿಕಿ ಇಲ್ಲಂದ್ರ ಹಗೇವು ಮಾಡಾಕ ಹೋಗಬಾರದು."

ಒಂಬತ್ತು ದಿನ ಹೇಗೆ ಕಳೆದೆನೋ. ಆ ಹುಡುಗಿ ದಿನ ಬಿಟ್ಟು ದಿನ ಬರುತ್ತಿದ್ದಳು. ಕೂಲಿ ಬಿಟ್ಟು ಬರುತ್ತಿದ್ದಳು, ಪಡಸಾಲೆಯ ಕಂಬಕ್ಕೆ ಒರಗಿ ಕೂತು ಪೆಟ್ಟಿಗೆಯನ್ನೇ ನೋಡಿ ಸಂಜೆಯ ಟಂಟಂ ಹತ್ತುತ್ತಿದ್ದಳು. ಒಂದು ಮಾತು ಜೋರಾಗಿ ಆಡಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. ನಾನು ಊಟ ಬಿಟ್ಟೆ ಎಂದರೆ ಉತ್ಪ್ರೇಕ್ಷೆ, ಆದರೆ ತಿಂದದ್ದು ಮೈಗೆ ಹತ್ತಲಿಲ್ಲ. ಕಾಕಾ ಮಾತ್ರ ದಿನಾ ಮುಂಜಾನೆ ತಂಬಿಗೆ ನೋಡುತ್ತಿದ್ದರು. ದಿನಾ ಬೆವರುತ್ತಿತ್ತು, ದಿನಾ ಬೀಗ.

ಆರನೆಯ ದಿನ ಹೆಡ್‌ಮಾಸ್ತರರ ತಾಳ್ಮೆ ಮುಗಿಯಿತು. ಪ್ರಾರ್ಥನೆ ಮುಗಿದ ಕೂಡಲೇ ಚಹಾದಂಗಡಿಯಿಂದ ಇದ್ದಿಲಿನ ದೊಡ್ಡ ಸಿಗಡಿ ಒಲೆ ಹೊರಿಸಿಕೊಂಡು ಬಂದರು. ಕೆಂಡ ನಿಗಿನಿಗಿ ಎನ್ನುತ್ತಿತ್ತು. ಅದನ್ನು ಕೆಳಗಿಟ್ಟು, ಬಾಗಿಲು ಮುಚ್ಚಿ, ನೆಲಮಾಳಿಗೆಯೆಲ್ಲ ಕಾಯಿಸಿ, ಪೆಟ್ಟಿಗೆಯ ಮುಚ್ಚಳ ತೆಗೆಸಿ ಪುಸ್ತಕವನ್ನು ಆ ಶಾಖದಲ್ಲಿಡುವುದು ಅವರ ಉಪಾಯ. ಕೆಂಡ ನೋಡಿಕೊಳ್ಳಲು ಒಳಗೆ ಒಬ್ಬರು ಬೇಕು. "ನೀವು ಕೂಡ್ರಿ," ಎಂದು ನನಗೆ ಹೇಳಿದರು. ತಪ್ಪಿನ ಭಾರ ಹೊತ್ತವಳು ನಾನು, ಕೆಂಡದ ಪಕ್ಕ ಅಲ್ಲ, ಕೆಂಡದ ಮೇಲೆ ಕೂಡು ಎಂದರೂ ಕೂಡುತ್ತಿದ್ದೆ. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ನಡೆದೆ.

ಮೊದಲ ಮೆಟ್ಟಿಲ ಮೇಲೆ ಕಾಕಾ ಕೂತುಬಿಟ್ಟಿದ್ದರು. ಎರಡೂ ಕೈ ಚಾಚಿ ಬಾಗಿಲ ಚೌಕಟ್ಟಿನ ಎರಡೂ ಬದಿ ಹಿಡಿದಿದ್ದರು.

"ಬಾಜೂ ಸರೀರಿ ಕಾಕಾ," ಎಂದರು ಹೆಡ್‌ಮಾಸ್ತರರು.

"ಸರಿಯಂಗಿಲ್ರಿ."

"ಆ ಹುಡುಗಿ ನೌಕರಿ ಹೋತಂದ್ರ ಯಾರು ಹೊಣಿ? ನಿಮ್ಮ ಕೈಯಾಗಿನ ಮಾಳಗಿ, ನಿಮ್ಮ ಕೈಯಾಗ ಹಾಳಾಗೈತಿ. ನಿವೃತ್ತಿಗೆ ಆರು ತಿಂಗಳೈತಿ ನಿಮಗ. ಮ್ಯಾಲಿನವರಿಗೆ ವರದಿ ಬರೀಬೇಕೇನು?"

"ಬರೀರಿ. ನನ್ನ ಪಿಂಚಣಿ ಹೋದ್ರ ಹೋಗಲಿ. ಮುಚ್ಚಿದ ಮಾಳಗ್ಯಾಗ ಕೆಂಡ ಇಟ್ಟು ಮನಶ್ಯಾರನ್ನ ಕುಂಡ್ರಸಾಕ ನಾ ಬಿಡಂಗಿಲ್ಲ."

ಮಾಸ್ತರರೆಲ್ಲ ನೆರೆದಿದ್ದರು. ಆ ಹುಡುಗಿ ಕಂಬದ ಬಳಿ ಎದ್ದು ನಿಂತಿದ್ದಳು. ಆಗ ಬಾಯಿ ಬಂತು ನನಗೆ. "ಬಾಗಲಾ ತಗದಾಕಿ ನಾನ್ರಿ ಸರ. ಕಾಕಾ ಬ್ಯಾಡ ಅಂದಿದ್ರು. ವರದಿ ಬರೀಬೇಕಂದ್ರ ನನ್ನ ಮ್ಯಾಲ ಬರೀರಿ," ಎಂದೆ. ನಾಚಿಕೆ ಬಿಟ್ಟು ಅತ್ತೆ.

ಹೆಡ್‌ಮಾಸ್ತರರು ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು. ಕಾಕಾನೇ ಶುರು ಮಾಡಿದರು. ಕೈ ಚೌಕಟ್ಟಿನ ಮೇಲೇ ಇತ್ತು.

"ನಮ್ಮಣ್ಣ ಇದ್ದ ಸರ. ನನಗಿಂತ ಎಂಟು ವರ್ಷ ದೊಡ್ಡಾಂವ. ಒಬ್ಬ ಗೌಡರ ಮನಿಯಾಗ ಲಗ್ನ ಇತ್ತು, ಹಗೇವು ತಗೀಬೇಕಾಗಿತ್ತು. ಬಾಯಿ ತಗದ ಮ್ಯಾಲ ಒಂದಿನ ಬಿಡಬೇಕು, ದೀಪ ಇಳಿಸಿ ನೋಡಬೇಕು. ಬೀಗರು ಬಂದಾರ, ಲಗೂನ ಇಳೀರಿ ಅಂದ್ರು. ನಮ್ಮಣ್ಣ ಇಳದ. ಹಗ್ಗ ನನ್ನ ಕೈಯಾಗಿತ್ತು. ಬುಟ್ಟಿ ತುಂಬಿದಿ ಏನಣ್ಣಾ ಅಂತ ಕೂಗಿದ್ನಿ. ಓ ಅನಲಿಲ್ಲ. ಮತ್ತ ಕೂಗಿದ್ನಿ. ಓ ಅನಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಬಣ್ಣಿಲ್ಲ, ವಾಸನಿ ಇಲ್ಲ. ದೀಪಕ್ಕ ಅಷ್ಟ ಗೊತ್ತಾಗತೈತಿ. ಕೆಂಡದ ಗಾಳೀನೂ ಹಂಗ ಐತ್ರಿ. ಅವಸರದಾಗ ತಗದ ಹಗೇವು ಕಾಳು ಕೊಡಂಗಿಲ್ಲ, ಹೆಣಾ ಕೊಡತೈತಿ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಸಿಗಡಿ ಹೊತ್ತು ತಂದವನಿಗೆ, "ತಗೊಂಡ ಹೋಗಪಾ," ಎಂದರು. ವರದಿಯ ಮಾತು ಮತ್ತೆ ಬರಲಿಲ್ಲ. ದಿನಾ ದೀಪಾವಳಿ ಎಂದು ಆಡಿಕೊಂಡವರೂ ಮತ್ತೆ ಆಡಿಕೊಳ್ಳಲಿಲ್ಲ.

ಒಂಬತ್ತನೆಯ ದಿನ ಮುಂಜಾನೆ ತಂಬಿಗೆ ಬೆವರಲಿಲ್ಲ. ಗಾಳಿ ತಿರುಗಿತ್ತು, ಮೋಡ ಒಡೆದು ಬಿಸಿಲು ಬಿದ್ದಿತ್ತು. ಕಾಕಾ ಎರಡು ಸಲ ಬೆರಳೆಳೆದು ನೋಡಿದರು, ಆಮೇಲೆ ನನ್ನ ಬೆರಳನ್ನೂ ಎಳೆಸಿದರು. ಬಾಗಿಲು ತೆಗೆದೆವು, ಬೆಳಕಿಂಡಿ ತೆಗೆದೆವು. ಪೆಟ್ಟಿಗೆಯ ಮಣ್ಣು ಕೆರೆದು ಮುಚ್ಚಳ ಎತ್ತುವಾಗ ಆ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು. ಕೈ ತಣ್ಣಗಿತ್ತು, ಅವಳದೋ ನನ್ನದೋ ಹೇಳಲಾರೆ.

ಸುಣ್ಣದ ಕಲ್ಲೆಲ್ಲ ಹಿಟ್ಟಾಗಿ ಗಡಿಗೆಯ ಕಂಠದ ತನಕ ಉಬ್ಬಿತ್ತು. ಪುಸ್ತಕ ಹಗುರಾಗಿತ್ತು. ಬೂಸಲು ಹಿಡಿದಿರಲಿಲ್ಲ. ಕಾಕಾ ಜೋಳದ ದಂಟು ಸೀಳಿ ಸಿಬಿರು ಮಾಡಿಟ್ಟುಕೊಂಡಿದ್ದರು. ಅಂಟಿದ ಹಾಳೆಗಳ ನಡುವೆ ಸಿಬಿರು ತೂರಿಸಿ ಉಸಿರು ಬಿಗಿಹಿಡಿದು ಎಳೆಯುವರು. ಸರ್ರೆಂದು ಸಣ್ಣ ಸದ್ದು ಬರುತ್ತಿತ್ತು, ಆ ಸದ್ದಿಗೆ ಮೂವರೂ ಬೆಚ್ಚುತ್ತಿದ್ದೆವು. ಹರಿದದ್ದಲ್ಲ, ಬಿಟ್ಟುಕೊಟ್ಟದ್ದು. ಆ ಕಾಲದ ಮಸಿ ಗಟ್ಟಿ. ಅಂಚುಗಳು ಕಂದಿದ್ದವು, ಅಕ್ಷರ ಕದಲಿರಲಿಲ್ಲ.

ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಹೊತ್ತಿಗೆ ಅವಳ ಅಜ್ಜ ಸಿಕ್ಕ. ಹೆಸರು, ತಂದೆಯ ಹೆಸರು, ಜಾತಿ, ಊರು, ಎಲ್ಲವೂ ದುಂಡು ಅಕ್ಷರದಲ್ಲಿ. ಅವಳು ಓದಿ, ಮತ್ತೆ ಓದಿ, ನೆಲಕ್ಕೆ ಕುಸಿದು ಕೂತಳು. ನಾನು ನಕಲು ಬರೆದೆ, ಹೆಡ್‌ಮಾಸ್ತರರು ಮೊಹರು ಒತ್ತಿದರು. ಅವಳು ಕಾಕಾನ ಕಾಲಿಗೆ ಬೀಳಲು ಹೋದಾಗ, "ಬಸ್ಸಿಗೆ ಹೊತ್ತಾತವಾ, ಮೊದಲ ಕೊಪ್ಪಳಕ್ಕ ಹೋಗು," ಎಂದು ಹಿಂದೆ ಸರಿದರು. ಗಡುವಿಗೆ ಇನ್ನೂ ಕೆಲವು ದಿನ ಇದ್ದವು. ಅವಳು ಈಗಲೂ ನೌಕರಿಯಲ್ಲಿದ್ದಾಳೆ, ಆಗಾಗ ಫೋನು ಮಾಡುತ್ತಾಳೆ.

ಅವಳು ಹೋದ ಮೇಲೆ ಪುಸ್ತಕ ಮುಚ್ಚಲು ಹೋದೆ. ಕಾಕಾ ಕೈ ಅಡ್ಡ ಹಿಡಿದರು.

"ಇನ್ನೂ ಮುಂದ ತಗೀರಿ ಬಾಯಾರ. ಪುಸ್ತಕದ ಕಡೀ ಹಾಳಿ ಕಡೆ."

ಅದೇ ಪುಸ್ತಕ ಎಷ್ಟೋ ವರ್ಷ ನಡೆದಿತ್ತು. ಒಂದೊಂದೇ ಹಾಳೆ ಬಿಡಿಸುತ್ತಾ ಹೋದೆವು. ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಮೂರನೆಯ ಸಾಲು. ಅವರದೇ ಊರು, ಅವರದೇ ಅಡ್ಡಹೆಸರು.

"ನಮ್ಮಣ್ಣ," ಎಂದರು. "ಫೋಟೋ ಇಲ್ರಿ ಅಂವಂದು. ಕಾರ್ಡಿಲ್ಲ, ಪತ್ರಿಲ್ಲ. ಸತ್ತದ್ದನ್ನೂ ಯಾರೂ ಎಲ್ಲೂ ಬರಸಲಿಲ್ಲ. ಅಂವ ಇದ್ದ ಅನ್ನಾಕ ಲೋಕದಾಗ ಇದೊಂದ ಸಾಲೈತಿ ನೋಡ್ರಿ. ನಾ ಇಲ್ಲಿ ಸಿಪಾಯಿ ಆಗಿ ಬಂದ ವರ್ಷ ಹುಡು ಹುಡುಕಿ ಕಂಡಿದ್ನಿ. ಅವತ್ತಿಂದ ಈ ಮಾಳಗಿ ಕಾಯ್ಕೊಂಡ ಅದೀನಿ."

ಮೂರು ದಿನ ಬಾಗಿಲು ತೆರೆದಿಟ್ಟು ನಾನು ಏನನ್ನು ಅಳಿಸಲು ಹೊರಟಿದ್ದೆ ಎಂಬುದು ಆಗ ನನಗೆ ತಿಳಿಯಿತು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ. "ತಪ್ಪಾತು ಕಾಕಾ," ಎಂದೆ.

"ಅದು ಬಿಡ್ರಿ. ಒಮ್ಮಿ ಜೋರಾಗಿ ಓದ್ರಿ," ಎಂದರು. "ಹಾಜರಿ ಕರದಂಗ."

ಹಾಜರಿ ಕರೆಯುವ ಹಾಗೆ ಆ ಹೆಸರು ಓದಿದೆ. ಕಲ್ಲಿನ ಗೋಡೆಗಳು ಅದನ್ನು ಒಮ್ಮೆ ತಿರುಗಿಸಿ ಹೇಳಿದವು. ಕಾಕಾ ತಲೆ ತಗ್ಗಿಸಿಕೊಂಡು, ಗಂಟಲಿನಲ್ಲೇ, "ಓ," ಎಂದರು.

ಅದಾದ ಮೇಲೆ ಅವರು ಕೆಲಸದಲ್ಲಿದ್ದ ಆರು ತಿಂಗಳು ನಾನು ಅವರ ಶಿಷ್ಯಳಾದೆ. ತಂಬಿಗೆ ಎಷ್ಟು ಹೊತ್ತು ಇಡಬೇಕು, ಸುಣ್ಣದ ಕಲ್ಲು ಬಡಿದರೆ ಯಾವ ಸದ್ದು ಬರಬೇಕು, ಗಡಿಗೆ ಬದಲಿಸುವಾಗ ಮೂಗು ಬಾಯಿಗೆ ಹೇಗೆ ಬಟ್ಟೆ ಕಟ್ಟಬೇಕು, ಎಲ್ಲ ಕಲಿತೆ. ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಆದವು. ಅವರು ಭಾಷಣದ ನಡುವೆಯೇ ಎದ್ದುಹೋಗಿ ಬೆಳಕಿಂಡಿಯ ತಟ್ಟು ನೋಡಿ ಬಂದರು. ತಂಬಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಎರಡು ವರ್ಷ ಕಳೆಯಿತು. ಅವರ ಎದೆ ಕೆಟ್ಟಿತು. ಸುಣ್ಣದ ಧೂಳು ಎಂದರು ಕೆಲವರು, ವಯಸ್ಸು ಎಂದರು ಕೆಲವರು. ಮಾಘ ಮಾಸದಲ್ಲಿ ನೋಡಲು ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಂಗೈ ಈಗ ಬೆಳ್ಳಗಿರಲಿಲ್ಲ. ಸುಣ್ಣವೆಲ್ಲ ಹೋಗಿ ಬರೀ ಸೀಳುಗಳು ಉಳಿದಿದ್ದವು. ಅದನ್ನು ನೋಡಿ ನನಗೆ ಸಂಕಟವಾಯಿತು. ಮಾತಾಡಲು ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಕೇಳಿದರು.

"ಆಕಿ ಹೆಂಗದಾಳ್ರಿ? ತಂಬಿಗಿ ಏನಂತೈತಿ?"

"ಬೆವರಿಲ್ಲ ಕಾಕಾ. ಎಂಟು ದಿನದಿಂದ ಬೆವರಿಲ್ಲ."

"ಹಂಗಾರ ಬಾಗಲಾ ತಗದ ಇಡ್ರಿ," ಎಂದು ಕಣ್ಣು ಮುಚ್ಚಿದರು. ನಿದ್ದೆ ಬಂತೆಂದು ಎದ್ದು ಬಂದೆ.

ಮರುದಿನ ಮುಂಜಾನೆ ತಂಬಿಗೆ ಒರೆಸಿ ಕಟ್ಟೆಯ ಮೇಲಿಟ್ಟು, ಬೆರಳೆಳೆದು ನೋಡಿ, ಬಾಗಿಲು ತೆಗೆದಿದ್ದೆ. ಅಷ್ಟರಲ್ಲಿ ಅವರ ಮಗ ಬೈಕಿನಲ್ಲಿ ಬಂದ. "ಅಪ್ಪ ಹೋದ್ರು ಬಾಯಾರ," ಎಂದ. ಹೆಡ್‌ಮಾಸ್ತರರು ಶಾಲೆ ಬಿಡಿಸಿದರು. ಎಲ್ಲರೂ ಹೊರಟ ಮೇಲೆ ನಾನೊಬ್ಬಳೇ ಪಣತಿ ಹಚ್ಚಿ ಕೋಲು ಚಾಚಿದೆ. ಜ್ವಾಲೆ ನೆಟ್ಟಗೆ ಉರಿಯುವವರೆಗೆ ಕಾದೆ. ಆರಿಸಿ, ಕೆಳಗಿಳಿದು, ನೀಲಿ ಬೆನ್ನಿನ ಪುಸ್ತಕ ತೆಗೆದೆ. ಅಣ್ಣನ ಹೆಸರಿನಿಂದ ಕೆಲವು ಪುಟ ಮುಂದೆ ತಮ್ಮನ ಹೆಸರೂ ಇತ್ತು. ಆರನೆಯ ತರಗತಿಯ ನಡುವೆ ಅದಕ್ಕೆ ಗೆರೆ ಎಳೆದು 'ಗೈರುಹಾಜರು' ಎಂದು ಬರೆದಿದ್ದರು. ಅಣ್ಣ ಸತ್ತ ವರ್ಷವೇ ಇರಬೇಕು ಅದು. ಅದನ್ನು ಅವರು ನನಗೆ ಯಾವತ್ತೂ ತೋರಿಸಿರಲಿಲ್ಲ.

ಎರಡೂ ಹೆಸರನ್ನು ಹಾಜರಿ ಕರೆದಂತೆ ಜೋರಾಗಿ ಓದಿದೆ. ಓ ಅನ್ನಲು ಯಾರೂ ಇರಲಿಲ್ಲ. ಎರಡಕ್ಕೂ ನಾನೇ ಓ ಅಂದೆ.